ಕೂಲಿಕಾರರ ಹೋರಾಟಕ್ಕೆ ಬೀದಿ ನಾಟಕ, ಬೊಂಬೆ, ಹಾಡು: ಎಲ್ಲಿಂದ ಶುರು ಮಾಡಬೇಕು

ಅಮೆರಿಕದಲ್ಲಿ ಹೊಲ, ಹೋಟೆಲ್, ಕಟ್ಟಡ ಕೆಲಸ, ಮನೆಗೆಲಸ, ಎಲ್ಲ ಕಡೆ ಕಡಿಮೆ ಕೂಲಿಗೆ ದುಡಿಯುವ ವಲಸಿಗರು ತುಂಬಾ ಇದ್ದಾರೆ. ಅವರ ಹೋರಾಟಕ್ಕೆ ನಿಮ್ಮ ಕಲೆಯಿಂದ ನೆರವಾಗಬೇಕು ಅಂತಿದ್ದರೆ ಮೊದಲು ಅವರ ಸಭೆಗೆ ಹೋಗಿ ಸುಮ್ನೆ ಕೂತು ಕೇಳಿ. ಬೇಡಿಕೆ ಏನು, ಅದನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ, ಯಾವ ದಿನ ಒತ್ತಡ ಹಾಕಬೇಕು, ಈ ಮೂರು ಗೊತ್ತಾಗುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ.

ಕಥೆ ಅವರದು, ಆದ್ದರಿಂದ ನಟರೂ ಅವರೇ ಆಗಲಿ. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಮುಷ್ಕರ ನಡೆಯುತ್ತಿದ್ದಾಗ ಲೂಯಿಸ್ ವಾಲ್ಡೆಸ್ ಕಟ್ಟಿದ ಎಲ್ ಟೀಯಾತ್ರೋ ಕಾಂಪೆಸೀನೋ ತಂಡ ಮಾಡಿದ್ದು ಇದನ್ನೇ. ಟ್ರಕ್ಕಿನ ಹಿಂಭಾಗವೇ ರಂಗ, ಮುಷ್ಕರಕ್ಕೆ ಕೂತವರೇ ನಟರು, ಯಾರು ಮಾಲೀಕ, ಯಾರು ಮುಷ್ಕರ ಮುರಿಯಲು ಬಂದವನು ಅಂತ ತಿಳಿಯಲು ಕೊರಳಿಗೊಂದು ಬೋರ್ಡು. ಹೀಗೆ ಮಾಡಿದರೆ ಓದಲು ಬರೆಯಲು ಬಾರದವರೂ ಆಡಬಹುದು, ಸಾಲು ಬಾಯಿಪಾಠ ಮಾಡಬೇಕಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಬೇರೆ ಬೇರೆ ಭಾಷೆಯವರಿದ್ದರೆ ಮಾತು ಕಡಿಮೆ ಮಾಡಿ ಮೈಯಾಟ ಜಾಸ್ತಿ ಮಾಡಿ.

ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸುವುದು ಬ್ರೆಜಿಲ್‌ನ ರಂಗಕರ್ಮಿ ಅಗುಸ್ತೋ ಬೋಆಲ್ ರೂಪಿಸಿದ ಫೋರಂ ಥಿಯೇಟರ್, ಅಂದರೆ ನೋಡುವವರೂ ಆಟಕ್ಕೆ ಇಳಿಯುವ ನಾಟಕ. ಬಾಕಿ ಕೂಲಿ ಕೇಳಲು ಹೋದ ಹೆಂಗಸನ್ನು ಮೇಸ್ತ್ರಿ ಗದರಿಸಿ ಕಳಿಸುವ ದೃಶ್ಯ ಆಡಿ. ಅವಳು ಸೋತ ಮೇಲೆ ಮತ್ತೆ ಮೊದಲಿಂದ ಶುರು ಮಾಡಿ, ಈ ಸಲ ನೋಡುವವರಲ್ಲಿ ಯಾರಾದರೂ 'ನಿಲ್ಲಿಸಿ' ಎಂದು ಎದ್ದು ಬಂದು ಅವಳ ಜಾಗದಲ್ಲಿ ನಿಂತು ಬೇರೆ ದಾರಿ ಹಿಡಿಯಲಿ. ಒಬ್ಬರು ದುಡಿದ ಗಂಟೆಗಳ ಲೆಕ್ಕ ಬರೆದ ಪುಸ್ತಕ ತೋರಿಸುತ್ತಾರೆ, ಇನ್ನೊಬ್ಬರು ಜೊತೆಗಾರರನ್ನು ಕರೆದುಕೊಂಡು ಬರುತ್ತಾರೆ. ಮೇಸ್ತ್ರಿಯ ಪಾತ್ರ ಮಾಡುವವರು ಬೇಗ ಬಗ್ಗಬಾರದು, ನಿಜವಾದವನು ಬಗ್ಗುವುದಿಲ್ಲ ಅಲ್ವಾ. ನಾಳೆ ನಿಜವಾಗಿ ಕೇಳುವಾಗ ನಾಲಿಗೆ ಹೊರಳಬೇಕಾದರೆ ಇವತ್ತು ಇಲ್ಲಿ ಕೇಳಿ ರೂಢಿಯಾಗಬೇಕು.

ಬೀದಿಗೆ ಇಳಿಯುವಾಗ ಒಂದೇ ಒಂದು ಚಿತ್ರ ಸಾಕು. ಫ್ಲಾರಿಡಾದ ಇಮ್ಮೋಕಲಿಯ ಟೊಮೆಟೊ ಕೊಯ್ಯುವವರು 2000ದ ಮೆರವಣಿಗೆಗೆ ಸ್ವಾತಂತ್ರ್ಯ ದೇವಿಯ ದೊಡ್ಡ ಪ್ರತಿಮೆ ಮಾಡಿಸಿಕೊಂಡಿದ್ದರು. ಕಂದು ಮೈಬಣ್ಣ, ಪಂಜಿನ ಬದಲು ಕೈಯಲ್ಲಿ ಟೊಮೆಟೊ, ಜೊತೆಗೊಂದು ಬಕೆಟ್. ದೂರದಿಂದ ನೋಡಿದವರಿಗೂ ವಿಷಯ ಗೊತ್ತಾಗುತ್ತದೆ. ಅವರ ಬೇಡಿಕೆಯೂ ಅಷ್ಟೇ ಸರಳವಾಯಿತು: ಒಂದು ಪೌಂಡ್ ಟೊಮೆಟೊಗೆ ಒಂದು ಸೆಂಟ್ ಜಾಸ್ತಿ ಕೊಡಿ. ಟೊಮೆಟೊ ಕೊಳ್ಳುವ ಫಾಸ್ಟ್‌ಫುಡ್ ಕಂಪನಿ ಟ್ಯಾಕೊ ಬೆಲ್ ವಿರುದ್ಧ 2001ರಲ್ಲಿ ಶುರು ಮಾಡಿದ ಬಹಿಷ್ಕಾರ 2005ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಪ್ರತಿಮೆಯೊಂದೇ ಗೆಲ್ಲಿಸಿತು ಅಂತಲ್ಲ, ವರ್ಷಗಟ್ಟಲೆ ಸಂಘಟನೆ ಅದರ ಹಿಂದಿತ್ತು.

ಇನ್ನು ಸುರಕ್ಷತೆ, ಇದರಲ್ಲಿ ರಾಜಿ ಬೇಡ. ವಲಸೆಯ ಕಾಗದಪತ್ರ ಇಲ್ಲದವರ ಮುಖ ಒಂದು ವಿಡಿಯೋದಲ್ಲಿ ಬಂದರೂ ಅವರ ಬದುಕೇ ಅಲ್ಲಾಡಬಹುದು. ಮುಖವಾಡ, ದೊಡ್ಡ ಬೊಂಬೆ, ನೆರಳಿನಾಟ ಇದಕ್ಕೆ ಒಳ್ಳೆಯವು, ಕಥೆ ಹೊರಬರುತ್ತದೆ, ಮುಖ ಬರುವುದಿಲ್ಲ. ಪ್ರತಿ ಫೋಟೋಗೂ ಬೇರೆಯಾಗಿ ಒಪ್ಪಿಗೆ ಕೇಳಿ. ಒಟ್ಟಾಗಿ ದನಿ ಎತ್ತುವವರಿಗೆ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ರಕ್ಷಣೆ ಕೊಡುತ್ತದೆ, ಆದರೆ ಹೊಲದ ಕೆಲಸದವರನ್ನೂ ಮನೆಗೆಲಸದವರನ್ನೂ ಅದು ಹೊರಗಿಟ್ಟಿದೆ. ಹಾಗಾಗಿ ಪ್ರದರ್ಶನಕ್ಕೆ ಮುಂಚೆ ಕಾರ್ಮಿಕ ವಕೀಲರೊಬ್ಬರ ಹತ್ತಿರ ಮಾತಾಡಲೇಬೇಕು. ಧ್ವನಿವರ್ಧಕಕ್ಕೆ ಅನುಮತಿ ಬೇಕಾ ಅಂತಲೂ ವಿಚಾರಿಸಿ.

ದುಡ್ಡಿನ ಮಾತು. ಕಲಾವಿದರಿಗೆ ಸಂಭಾವನೆ ಕೊಟ್ಟು, ಕೆಲಸ ಬಿಟ್ಟು ತಾಲೀಮಿಗೆ ಬಂದ ಕಾರ್ಮಿಕರಿಗೆ ಬರೀ ಥ್ಯಾಂಕ್ಸ್ ಹೇಳಿ ಕಳಿಸುವುದು ಅನ್ಯಾಯ. ಇಬ್ಬರಿಗೂ ಗಂಟೆಗೆ ಒಂದೇ ದರ ಇಡಿ. ತಾಲೀಮು ಅವರ ಪಾಳಿ ಮುಗಿದ ಮೇಲಿರಲಿ, ಊಟ ಇರಲಿ, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇರಲಿ.

ನಾಟಕ ಮುಗಿದ ತಕ್ಷಣ ಜನರ ಮನಸ್ಸು ಬಿಸಿಯಾಗಿರುತ್ತದೆ, ಅದು ಆರುವ ಮುಂಚೆ ಪಟ್ಟಿ ಹಿಡಿದು ಸಂಘಟಕರು ಗುಂಪಿನೊಳಗೆ ಹೋಗಬೇಕು. ಹೆಸರು, ಫೋನ್ ನಂಬರ್, ಮುಂದಿನ ಸಭೆಗೆ ಬರುತ್ತೀರಾ ಎನ್ನುವ ಪ್ರಶ್ನೆ. ಆ ಪಟ್ಟಿಯನ್ನು ಭದ್ರವಾಗಿಟ್ಟುಕೊಂಡು ಎರಡು ದಿನದೊಳಗೆ ಎಲ್ಲರಿಗೂ ಫೋನ್ ಮಾಡಿ.