ಬೇಸಿಗೆ ಅಂತ ಟೈರಿನ ಗಾಳಿ ಇಳಿಸಬೇಡಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹುಮನಾಬಾದಿನಿಂದ ಕಲಬುರಗಿಗೆ ಬರುತ್ತಿದ್ದೆ. ಊರು ಹತ್ತಿರ ಬಂದಾಗ ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಟೈರು ತೋರಿಸಿದೆ. ಮೀಟರ್ 39 ಅಂತು.

‘ಹವಾ ಭಾಳ ಆಗ್ಯಾದ್ರಿ ಸರ್. ಬ್ಯಾಸಗಿ ಅದ, ಟೈರ್ ಒಡೀತದ. ಇಳಿಸ್ಲೇನ್ರಿ?’ ಅಂದ ಹುಡುಗ.

‘ಇಳಿಸಪ್ಪಾ’ ಅಂದೆ. ನಾಲ್ಕೂ ಟೈರು 33ಕ್ಕೆ ಬಂದವು. ಮರುದಿನ ಬೆಳಿಗ್ಗೆ ಆರಕ್ಕೆ, ಗಾಡಿ ಇನ್ನೂ ಮನೆ ಮುಂದೆ ನೆರಳಲ್ಲಿ ನಿಂತಿದ್ದಾಗ, ನನ್ನದೇ ಗೇಜ್ ಹಚ್ಚಿ ನೋಡಿದೆ. 27. ಕಂಪನಿ ಹೇಳಿದ್ದಕ್ಕಿಂತ 6 ಕಡಿಮೆ. ಆ ಹುಡುಗ ಕೇಡು ಬಯಸಿ ಹೇಳಿದ್ದಲ್ಲ. ಬಿಸಿಲು ಜಾಸ್ತಿ ಇದ್ದರೆ ಗಾಳಿ ಕಡಿಮೆ ಇರಬೇಕು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಅದು ತಪ್ಪು. ನಮ್ಮ ಬಿಸಿಲಿನಲ್ಲಿ ಅದು ಅಪಾಯದ ತಪ್ಪು.

ಒಂದು ಕಟ್ಟುತಂತಿ ತಗೊಂಡು ಒಂದೇ ಜಾಗದಲ್ಲಿ ಹತ್ತು ಸಲ ಆಚೆ ಈಚೆ ಬಗ್ಗಿಸಿ, ಆಮೇಲೆ ಅಲ್ಲಿ ಬೆರಳಿಟ್ಟು ನೋಡಿ. ಬಿಸಿ ತಾಗುತ್ತದೆ. ಟೈರಿನ ಕಥೆಯೂ ಅದೇ. ಗಾಳಿ ಕಡಿಮೆ ಇದ್ದರೆ ಅದರ ಪಕ್ಕದ ಗೋಡೆ ನೆಲ ಮುಟ್ಟಿದಾಗಲೆಲ್ಲ ಉಬ್ಬುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಐನೂರಕ್ಕೂ ಜಾಸ್ತಿ ಸುತ್ತುತ್ತದೆ. ಅಷ್ಟು ಸಲ ಬಗ್ಗಿದ ರಬ್ಬರು ಒಳಗಿಂದಲೇ ಕಾಯುತ್ತದೆ. ಮೇಲೆ 42 ಡಿಗ್ರಿ ಬಿಸಿಲು, ಕೆಳಗೆ ಕಾದ ರಸ್ತೆ. ಬೇಸಿಗೆಯಲ್ಲಿ ಹೆದ್ದಾರಿ ಮೇಲೆ ಟೈರು ಸಿಡಿಯುವುದಕ್ಕೆ ದೊಡ್ಡ ಕಾರಣ ಹೀಗೆ ಗಾಳಿ ಕಡಿಮೆ ಇದ್ದು ಕಾಯುವುದು. ಓಡುವಾಗ ಮೀಟರ್ ನಾಲ್ಕಾರು ಏರುವುದು ಸಹಜ. ಟೈರು ಮಾಡಿದವರು, ಕಾರು ಮಾಡಿದವರು ಅದನ್ನು ಲೆಕ್ಕ ಹಿಡಿದೇ ಸಂಖ್ಯೆ ಕೊಟ್ಟಿರುತ್ತಾರೆ.

ಸಂಖ್ಯೆ ಎಲ್ಲಿದೆ?

ಡ್ರೈವರ್ ಬದಿಯ ಬಾಗಿಲು ತೆಗೆಯಿರಿ. ಬಾಗಿಲು ಕೂರುವ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಅಲ್ಲೂ ಕಾಣದಿದ್ದರೆ ಕಾರಿನ ಜೊತೆ ಬಂದ ಪುಸ್ತಕ ನೋಡಿ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಬರೆದಿರುತ್ತದೆ. ನಮ್ಮ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಬಂಕಿನ ಮೀಟರ್ ತೋರಿಸುವುದು ಇದನ್ನೇ) ಒಳಗಿರುತ್ತದೆ. ಪಕ್ಕದ ಮನೆಯವರ ಕಾರಿನ ಸಂಖ್ಯೆ ನಿಮ್ಮದಕ್ಕೆ ಬರುವುದಿಲ್ಲ. ಕೆಲವು ಸ್ಟಿಕ್ಕರಿನಲ್ಲಿ ಕಿಲೋಪ್ಯಾಸ್ಕಲ್ ಮಾತ್ರ ಇರುತ್ತದೆ. ಅದನ್ನು 6.9ರಿಂದ ಭಾಗಿಸಿ. 230 ಅಂತಿದ್ದರೆ 33 ಪಿಎಸ್‌ಐ ಅಂತ ಅರ್ಥ.

ಟೈರಿನ ಪಕ್ಕದಲ್ಲೇ ದೊಡ್ಡದಾಗಿ 44 ಅಥವಾ 51 ಅಂತ ಅಚ್ಚಾಗಿರುತ್ತದೆ. ಎಷ್ಟೋ ಜನ ಅದನ್ನೇ ನೋಡಿ ಹಾಕಿಸುತ್ತಾರೆ. ಅದು ಆ ಟೈರು ತಡೆಯುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಅಷ್ಟು ತುಂಬಿಸಿದರೆ ಟೈರು ಮಧ್ಯದಲ್ಲಿ ಉಬ್ಬುತ್ತದೆ, ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿ ಜಾರುತ್ತದೆ.

ಯಾವಾಗ ನೋಡಬೇಕು?

ಬೆಳಿಗ್ಗೆ, ಬಿಸಿಲೇರುವ ಮೊದಲು, ಗಾಡಿ ತೆಗೆಯುವ ಮೊದಲು. ಕನಿಷ್ಠ ಮೂರು ಗಂಟೆ ನಿಂತಿರಬೇಕು. ಸ್ಟಿಕ್ಕರ್ ಮೇಲಿನ ಸಂಖ್ಯೆ ತಣ್ಣಗಿನ ಟೈರಿನದು. ಸುಮಾರು 5–6 ಡಿಗ್ರಿ ಬಿಸಿ ಏರಿದರೆ 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 42 ಆದರೆ, ನಿಂತ ಗಾಡಿಯಲ್ಲೇ ಹೆಚ್ಚುಕಡಿಮೆ 3 ಏರಿತು. ಓಡಿದ ಬಿಸಿಗೆ ಇನ್ನೊಂದು ಮೂರು ಸೇರಿಸಿ. ನನ್ನ 39 ಬಂದದ್ದು ಹಾಗೆ.

ಆದರೆ ಬಂಕ್ ಮನೆ ಪಕ್ಕದಲ್ಲೇ ಇರುವುದಿಲ್ಲವಲ್ಲ? ರಿಂಗ್ ರೋಡಿಗೆ ಹೋಗುವಷ್ಟರಲ್ಲಿ ಟೈರು ಕಾದಿರುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ. ಸಣ್ಣದೊಂದು ಗೇಜ್ ಇಟ್ಟುಕೊಂಡಿದ್ದೇನೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಳಿಗ್ಗೆ ಮನೆಯಲ್ಲೇ ನಾಲ್ಕೂ ಟೈರು ನೋಡಿ ಚೀಟಿಯಲ್ಲಿ ಬರೆಯುತ್ತೇನೆ. ಎಡಗಡೆ ಮುಂದಿನದು 29 ಇದೆ, ಬೇಕಾದದ್ದು 33, ಅಂದರೆ 4 ಕಡಿಮೆ. ಬಂಕಿನಲ್ಲಿ ಅದೇ ಟೈರು 31 ತೋರಿಸಿದರೆ 35ಕ್ಕೆ ತುಂಬಲು ಹೇಳುತ್ತೇನೆ. ಅಲ್ಲಿನ ಮೀಟರ್ ಒಂದೆರಡು ಹೆಚ್ಚುಕಡಿಮೆ ತೋರಿಸಿದರೂ ಪರವಾಗಿಲ್ಲ. ಎಷ್ಟು ಕಡಿಮೆ ಇತ್ತೋ ಅಷ್ಟು ಸೇರಿದರೆ ಆಯಿತು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಗೇಜ್ ಹಚ್ಚಿದರೆ ಖಾತ್ರಿಯಾಗುತ್ತದೆ.

ಬಿಸಿ ಟೈರಿನಿಂದ ಗಾಳಿ ಮಾತ್ರ ಬಿಡಬೇಡಿ. ಯಾರೇ ಹೇಳಲಿ.

ಗೇಜ್ ಒತ್ತುವಾಗ ‘ಸ್ಸ್’ ಅಂತ ಸದ್ದು ಬಂದರೆ ಅದು ನೆಟ್ಟಗೆ ಕೂತಿಲ್ಲ, ಸಂಖ್ಯೆ ಸುಳ್ಳು. ತೆಗೆದು ಮತ್ತೆ ನೇರವಾಗಿ ಒತ್ತಿ. ಪಂಕ್ಚರ್ ಅಂಗಡಿಯವರು ಗಾಳಿ ತುಂಬಿದ ಮೇಲೆ ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರುವುದನ್ನು ನೋಡಿರುತ್ತೀರಿ. ಗುಳ್ಳೆ ಎದ್ದರೆ ವಾಲ್ವ್ ಸೋರುತ್ತಿದೆ ಅಂತ. ಸೋಪಿನ ನೀರಿನಲ್ಲೂ ನೋಡಬಹುದು. ಆಮೇಲೆ ಮುಚ್ಚಳ ಹಾಕಿ. ನಮ್ಮ ಎರೆ ಮಣ್ಣಿನ ಧೂಳು ವಾಲ್ವಿನೊಳಗೆ ಕೂತರೆ ಸಣ್ಣಗೆ ಸೋರಲು ಶುರುವಾಗುತ್ತದೆ.

ಭಾರ ಹೇರಿದಾಗ

ಇಬ್ಬರು ಸೇಡಂಗೆ ಹೋಗಿ ಬರುವುದು ಬೇರೆ. ಐದು ಮಂದಿ ಕೂತು, ಡಿಕ್ಕಿಯಲ್ಲಿ ಎರಡು ಚೀಲ ತೊಗರಿಬೇಳೆ ಇಟ್ಟುಕೊಂಡು ಬೀಗರ ಮನೆಗೆ ಹೋಗುವುದು ಬೇರೆ. ಎಷ್ಟೋ ಸ್ಟಿಕ್ಕರುಗಳಲ್ಲಿ ಪೂರ್ತಿ ಭಾರಕ್ಕೆ ಬೇರೆ ಸಂಖ್ಯೆ ಇರುತ್ತದೆ. ಮನುಷ್ಯರ, ಪೆಟ್ಟಿಗೆಯ ಸಣ್ಣ ಚಿತ್ರ ಇದ್ದರೆ ಅದೇ. ಸಾಮಾನ್ಯವಾಗಿ ಹಿಂದಿನ ಟೈರಿಗೆ ಜಾಸ್ತಿ. ಹೊರಡುವ ಬೆಳಿಗ್ಗೆಯೇ ಅಷ್ಟು ತುಂಬಿಸಿ, ವಾಪಸ್ ಬಂದ ಮೇಲೆ ತಣ್ಣಗಿದ್ದಾಗ ಇಳಿಸಿ. ಚಿತ್ರವಿಲ್ಲದೆ ಒಂದೇ ಸಂಖ್ಯೆ ಇದ್ದರೆ ಅದೇ ಸಾಕು.

ಇನ್ನು ಚಳಿಗಾಲ. ಟೈರು ಸುಮ್ನೆ ನಿಂತರೂ ತಿಂಗಳಿಗೆ 1 ಪಿಎಸ್‌ಐ ಹತ್ತಿರ ಗಾಳಿ ಕಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಸರಿ ಮಾಡಿಸಿ ಮರೆತುಬಿಟ್ಟರೆ, ಡಿಸೆಂಬರಿನಲ್ಲಿ ಬೀದರಿನ ಕೊರೆಯುವ ಬೆಳಿಗ್ಗೆ ಎಷ್ಟು ಉಳಿದಿರುತ್ತದೆ, ನೀವೇ ಲೆಕ್ಕ ಹಾಕಿ. ಹದಿನೈದು ದಿನಕ್ಕೊಮ್ಮೆ ನೋಡುವುದು ಒಳ್ಳೆಯದು. ತಿಂಗಳಿಗೊಮ್ಮೆಯಾದರೂ ಬೇಕೇ ಬೇಕು. ನೈಟ್ರೋಜನ್ ಹಾಕಿಸಿದರೆ ನೋಡುವುದೇ ಬೇಡ ಅನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಅದೂ ಬಿಸಿಗೆ ಹಾಗೇ ಏರುತ್ತದೆ, ಸೋರುವುದು ಸ್ವಲ್ಪ ನಿಧಾನ ಅಷ್ಟೇ. ದುಡ್ಡು ಕೊಟ್ಟು ಹಾಕಿಸುವ ಅಗತ್ಯ ನನಗಂತೂ ಕಂಡಿಲ್ಲ.

ಕೊನೆಗೆ ಸ್ಟೆಪ್ನಿ. ಇದನ್ನು ಯಾರೂ ನೋಡುವುದಿಲ್ಲ. ಒಮ್ಮೆ ಶಹಾಪುರ ದಾಟಿದ ಮೇಲೆ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದೆ. ಜಾಕ್ ಇಳಿಸುತ್ತಿದ್ದಂತೆ ಅದು ರೊಟ್ಟಿಯಂತೆ ಚಪ್ಪಟೆಯಾಯಿತು. ಉಳಿದ ನಾಲ್ಕಕ್ಕೆ ತುಂಬಿಸುವಾಗಲೇ ಅದಕ್ಕೂ ತುಂಬಿಸಿ, ಎರಡು ಮೂರು ಜಾಸ್ತಿಯೇ ಇರಲಿ. ನಿಮ್ಮದು ತೆಳ್ಳಗಿನ ಸ್ಟೆಪ್ನಿಯಾಗಿದ್ದರೆ ಅದರ ಸಂಖ್ಯೆ ಬೇರೆ, ಹಲವಕ್ಕೆ 60 ಪಿಎಸ್‌ಐ. ಅದರ ಮೇಲೇ ಬರೆದಿರುತ್ತದೆ.