ವಿಮಾನದ ಫಲಕಕ್ಕೆ ಅಗ್ಗದ ಟ್ಯಾಬ್ಲೆಟ್: ನಾನು ಮಾಡಿಕೊಂಡ ಬಗೆ

ಸ್ವಂತ ಕೈಯಿಂದ ಕಟ್ಟಿದ ವಿಮಾನಕ್ಕೆ ಟ್ಯಾಬ್ಲೆಟ್ ಕೂರಿಸಿಕೊಂಡಿದ್ದೇನೆ ಎಂದ ಕೂಡಲೇ, ಯಾವ ಕಂಪನಿಯದು, ಎಷ್ಟು ಇಂಚಿನದು ಎಂದು ಜನ ಕೇಳುತ್ತಾರೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಕಡಿಮೆ ತೊಂದರೆ ಕೊಟ್ಟದ್ದು ಆ ಪರದೆಯೇ. ನಿದ್ದೆಗೆಡಿಸಿದ್ದೆಲ್ಲ ಅದರ ಹಿಂದೆ ಇರುವ ಸಂಗತಿಗಳು. ಪರದೆಗೆ ಹೋಗುವ ವಿದ್ಯುತ್ತು, ಅದಕ್ಕೆ ಬಂದು ಸೇರುವ ಅಂಕಿಗಳು, ಆ ಅಂಕಿಗಳು ಬರುವುದು ನಿಂತಾಗ ಪರದೆ ಏನು ಮಾಡುತ್ತದೆ ಎಂಬ ಪ್ರಶ್ನೆ. ಆದ್ದರಿಂದ ಟ್ಯಾಬ್ಲೆಟ್ ಕೊಳ್ಳುವ ಸಲಹೆಯನ್ನು ನಿರೀಕ್ಷಿಸಿದವರಿಗೆ ಈ ಬರಹದಲ್ಲಿ ಹೆಚ್ಚೇನೂ ಸಿಗದು.

ನನ್ನ ವಿಮಾನ ಜೆನಿತ್ ಸಿಎಚ್ 750. ಕ್ರಿಸ್ ಹೈಂಟ್ಜ್ ವಿನ್ಯಾಸಗೊಳಿಸಿದ ಇಬ್ಬರ ವಿಮಾನ. ಅಲ್ಯೂಮಿನಿಯಂ ಹಾಳೆಗಳ ಕಿಟ್ ಅಮೆರಿಕದ ಮಿಸ್ಸೌರಿ ರಾಜ್ಯದ ಮೆಕ್ಸಿಕೊ ಎಂಬ ಪಟ್ಟಣದ ಕಾರ್ಖಾನೆಯಿಂದ ಬರುತ್ತದೆ. ಆಸಕ್ತರು ಅಲ್ಲಿಗೇ ಹೋಗಿ ಎರಡು ದಿನದ ಕಾರ್ಯಾಗಾರದಲ್ಲಿ ಬಾಲದ ಚುಕ್ಕಾಣಿಯನ್ನು ತಾವೇ ರಿವೆಟ್ ಹೊಡೆದು ಮನೆಗೆ ಒಯ್ಯಬಹುದು. ನನಗೆ ಹುಚ್ಚು ಹತ್ತಿದ್ದು ಹಾಗೆ. ಎಂಜಿನ್ ಹಳೆಯ ಕಾಂಟಿನೆಂಟಲ್ ಒ-200, 100 ಅಶ್ವಶಕ್ತಿಯದು. ಅಮೆರಿಕದ ನಿಯಮದ ಪ್ರಕಾರ ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿದ್ದರೆ ವಿಮಾನ ‘ಎಕ್ಸ್‌ಪೆರಿಮೆಂಟಲ್’ ವರ್ಗಕ್ಕೆ ಸೇರುತ್ತದೆ. ಈ ವರ್ಗದ ದೊಡ್ಡ ಅನುಕೂಲವೆಂದರೆ ಫಲಕದ ಮೇಲಿನ ಉಪಕರಣಗಳಿಗೆ ಕಾರ್ಖಾನೆಯ ವಿಮಾನಗಳಿಗೆ ಬೇಕಾದಂತಹ ಪ್ರಮಾಣಪತ್ರ ಬೇಕಿಲ್ಲ. ರಡಾರಿಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್ ಮತ್ತು ವಿಮಾನದ ಜಾಗ, ಎತ್ತರಗಳನ್ನು ತಾನೇ ಪ್ರಸಾರ ಮಾಡುವ ಎಡಿಎಸ್-ಬಿ ಔಟ್ ಈ ಸಡಿಲಿಕೆಗೆ ಹೊರತು. ಅವು ಇತರರಿಗೆ ನಮ್ಮ ಇರವನ್ನು ಸಾರುವ ಉಪಕರಣಗಳಾದ್ದರಿಂದ ನಿಗದಿತ ಗುಣಮಟ್ಟ ಮುಟ್ಟಲೇಬೇಕು. ಆ ಎರಡನ್ನು ನಾನು ಬೆಲೆ ತೆತ್ತು ಕೊಂಡೆ. ಉಳಿದ ಡಿಜಿಟಲ್ ಸಲಕರಣೆಗೆ ಸಿದ್ಧ ಇಎಫ್‌ಐಎಸ್ (ವೇಗ, ಎತ್ತರ, ದಿಗಂತಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಉಪಕರಣ) ಹಾಕಿಸಿದರೆ ಸಾವಿರಾರು ಡಾಲರ್ ಖರ್ಚು. ಬೆಸುಗೆ ಕಡ್ಡಿ ಹಿಡಿಯಲು ಬರುವವನಿಗೆ ಅಷ್ಟು ಹಣ ಕೊಡಲು ಮನಸ್ಸಾಗುವುದಿಲ್ಲ.

ಮೊದಲು ಕೂರಿಸಿದ್ದು ಸ್ಟ್ರಾಟಕ್ಸ್. ಇದು 2015ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಅಂಗೈಯಗಲದ ಕಂಪ್ಯೂಟರ್ ಆದ ಒಂದು ರಾಸ್ಪ್‌ಬೆರಿ ಪೈ, ಟಿವಿ ನೋಡಲೆಂದು ತಯಾರಾದ ಆರ್‌ಟಿಎಲ್ 2832 ಚಿಪ್ಪಿನ ಎರಡು ಯುಎಸ್‌ಬಿ ರೇಡಿಯೊ ತುಂಡುಗಳು, ಒಂದು ಜಿಪಿಎಸ್: ಇಷ್ಟು ಸೇರಿದರೆ ಸುತ್ತಲಿನ ವಿಮಾನಗಳೂ ಹವಾಮಾನವೂ ವೈಫೈ ಮೂಲಕ ಟ್ಯಾಬ್ಲೆಟ್ಟಿಗೆ ಬರುತ್ತವೆ. ಎಡಿಎಸ್-ಬಿ ಪ್ರಸಾರ ಎರಡು ಕಂಪನಾಂಕಗಳಲ್ಲಿ ಬರುತ್ತದೆ: ಒಂದು ರೇಡಿಯೊ 1090 ಮೆಗಾಹರ್ಟ್ಸ್ ಕೇಳುತ್ತದೆ, ಇನ್ನೊಂದು 978. ನಕ್ಷೆ ತೋರಿಸಲು ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುವ ಅವೇರ್ ಸಾಕು. ಜೋಡಿಸುವುದು ಒಂದು ಸಂಜೆಯ ಕೆಲಸ, ಅದರ ಬಗ್ಗೆ ಉದ್ದಕ್ಕೆ ಬರೆಯುವ ಅಗತ್ಯವಿಲ್ಲ.

ಆದರೆ ಅದು ತೋರಿಸುವುದನ್ನು ಓದುವ ಬಗೆ ತಿಳಿದಿರಬೇಕು. ನೆಲದ ಕೇಂದ್ರಗಳು ರಡಾರಿನಲ್ಲಿ ಕಂಡ ವಿಮಾನಗಳ ಮಾಹಿತಿಯನ್ನು ಮೇಲಕ್ಕೆ ಕಳುಹಿಸುವುದು ಎಡಿಎಸ್-ಬಿ ಔಟ್ ಇರುವ ವಿಮಾನದ ಸುತ್ತ ಮಾತ್ರ: ಅದರಿಂದ 15 ನಾಟಿಕಲ್ ಮೈಲಿ ಆಸುಪಾಸು, ಮೇಲೆ ಕೆಳಗೆ 3500 ಅಡಿ. ಕೇವಲ ಕೇಳುವ ಪೆಟ್ಟಿಗೆ ಇಟ್ಟುಕೊಂಡವನಿಗೆ ಸಿಗುವುದು ಬೇರೊಬ್ಬರಿಗಾಗಿ ಕಳುಹಿಸಿದ ಚಿತ್ರದ ತುಣುಕುಗಳು. ಪರದೆ ಖಾಲಿ ಇದೆ ಎಂದರೆ ಆಕಾಶ ಖಾಲಿ ಇದೆ ಎಂದಲ್ಲ. ಮಳೆಯ ಚಿತ್ರದ ಕಥೆಯೂ ಅಂಥದ್ದೇ. ಚಿತ್ರದ ಪಕ್ಕದಲ್ಲಿ ನಮೂದಾಗುವ ವಯಸ್ಸಿಗಿಂತ ಅದರೊಳಗಿನ ಮಾಹಿತಿ 15ರಿಂದ 20 ನಿಮಿಷ ಹಳೆಯದಾಗಿರಬಹುದು ಎಂದು ಅಮೆರಿಕದ ಅಪಘಾತ ತನಿಖಾ ಮಂಡಳಿ 2012ರಲ್ಲಿಯೇ ಎಚ್ಚರಿಸಿದೆ. ಗುಡುಗು ಮೋಡದ ಮಟ್ಟಿಗೆ 20 ನಿಮಿಷ ಬಹಳ ದೊಡ್ಡ ಅವಧಿ. ನಾನು ಆ ಚಿತ್ರವನ್ನು ದೂರದಿಂದಲೇ ದಾರಿ ಬದಲಿಸಲು ಬಳಸುತ್ತೇನೆ, ಎರಡು ಮೋಡಗಳ ನಡುವೆ ತೂರಲು ಎಂದೂ ಬಳಸುವುದಿಲ್ಲ.

ಬೆಂಗಳೂರಿನ ಗೆಳೆಯರು ಇದನ್ನು ಅಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. 978ರ ವ್ಯವಸ್ಥೆ ಅಮೆರಿಕದ್ದು, ಉಚಿತ ಹವಾಮಾನ ಪ್ರಸಾರವೂ ಅದರಲ್ಲೇ ಬರುವುದು, ಭಾರತದಲ್ಲಿ ಅದಿಲ್ಲ. 1090ರ ರೇಡಿಯೊ ಹಚ್ಚಿದರೆ ದೇವನಹಳ್ಳಿಗೆ ಬಂದಿಳಿಯುವ ದೊಡ್ಡ ವಿಮಾನಗಳು ಮನೆಯ ಮಾಳಿಗೆಯಿಂದಲೇ ಕಾಣುತ್ತವೆ. ಕಲಿಯಲು ಅಷ್ಟು ಸಾಕು.

ಮುಂದಿನದು ವಿದ್ಯುತ್ತು. ವಿಮಾನದ ಜಾಲದಲ್ಲಿ ಎಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ, ಟ್ಯಾಬ್ಲೆಟ್ಟಿಗೂ ಪೈಗೂ ಬೇಕಾದದ್ದು 5. ನಡುವೆ ಇರುವ ಅಗ್ಗದ ಪರಿವರ್ತಕ ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ ಹಾಕಿ ತೆಗೆಯುತ್ತದೆ, ಆ ಗದ್ದಲ ನೂರಾರು ಪಟ್ಟು ಮೇಲಿನ ತರಂಗಗಳಾಗಿ ಹರಡಿ ವಿಮಾನದ ರೇಡಿಯೊ ಬಳಸುವ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯ ಮೇಲೆ ಬಂದು ಕೂರುತ್ತದೆ. ನಮ್ಮ ರೇಡಿಯೊ ಇಂದಿಗೂ ಎಎಂ, ಅಂದರೆ ತರಂಗದ ಎತ್ತರದ ಏರಿಳಿತದಲ್ಲಿ ದನಿ ಸಾಗಿಸುವ ಬಗೆಯದು, ಆದ್ದರಿಂದ ಪ್ರತಿ ಗೊರಗೊರವೂ ನೇರವಾಗಿ ಕಿವಿಗೆ ತಲುಪುತ್ತದೆ. ಕಾರಿಗೆಂದು ಮಾರುವ ಚಾರ್ಜರ್ ಚುಚ್ಚಿದರೆ ದೂರದ ನಿಲ್ದಾಣದ ಕ್ಷೀಣ ದನಿ ಪೂರ್ತಿ ಮುಳುಗಿಹೋಗುತ್ತಿತ್ತು. ನಾನು ಬ್ಯಾಟರಿಯ ಕೈ ರೇಡಿಯೊ ಒಂದನ್ನು ಸ್ಕ್ವೆಲ್ಚ್ (ಬರಿಯ ಗೊರಗೊರವನ್ನು ಅಡಗಿಸುವ ಏರ್ಪಾಡು) ತೆಗೆದು ತಂತಿಗಳ ಉದ್ದಕ್ಕೂ ಹಿಡಿದು ಸದ್ದು ಎಲ್ಲಿ ಏರುತ್ತದೆ ಎಂದು ಹುಡುಕಿದೆ. ಪರಿವರ್ತಕದ ಪೆಟ್ಟಿಗೆಗಿಂತ ಅದರಿಂದ ಹೊರಡುವ ಉದ್ದನೆಯ ಯುಎಸ್‌ಬಿ ತಂತಿಯೇ ಹೆಚ್ಚು ಕೂಗುತ್ತಿತ್ತು, ಅದು ಆಂಟೆನಾ ಆಗಿಬಿಟ್ಟಿತ್ತು. ಪರಿವರ್ತಕವನ್ನು ಅಲ್ಯೂಮಿನಿಯಂ ಡಬ್ಬಿಯೊಳಗೆ ಸೇರಿಸಿದೆ, ಒಳಬರುವ ಕಡೆ ಸುರುಳಿ ಮತ್ತು ಕೆಪಾಸಿಟರ್‌ಗಳ ಸೋಸುಕ, ಹೊರಹೋಗುವ ಕಡೆ ಫೆರೈಟ್ ಮಣಿ ಹಾಕಿದೆ, ತಂತಿಯನ್ನು ಗೇಣುದ್ದಕ್ಕೆ ಇಳಿಸಿದೆ. ಎಲ್ಲದರ ನೆಲತಂತಿಯೂ ಒಂದೇ ಬಿಂದುವಿಗೆ ಬರುವಂತೆ ಮಾಡಿದೆ. ಗೊರಗೊರ ಹೋಯಿತು. ಆಲ್ಟರ್ನೇಟರ್ ಕಡೆಯಿಂದ ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯಲು ಒಂದು ಟಿವಿಎಸ್ ಡಯೋಡ್, ಅದರ ಮುಂದೆ ಫ್ಯೂಸ್. ಈ ಎರಡಕ್ಕೂ ಆಗುವ ಖರ್ಚು ಒಂದು ಊಟದ್ದು. ಇವನ್ನು ಹಾಕದೆ ಹಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ವೇಗ ತೋರಿಸುವ ಭಾಗದಲ್ಲಿ ನಾನು ಅತಿ ಹೆಚ್ಚು ಕಾಲ ಕಳೆದೆ. ಮುಂದಕ್ಕೆ ಬಾಯ್ದೆರೆದ ಪಿಟೋ ಕೊಳವೆಗೆ ಎದುರಾದ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇದರ ಪರಿಣಾಮ ಅಂಕಿಯಲ್ಲಿ ನೋಡಿದರೆ ಮಾತ್ರ ಮನಸ್ಸಿಗೆ ಹತ್ತುತ್ತದೆ. ಗಂಟೆಗೆ 100 ಮೈಲಿಯಲ್ಲಿ ಒತ್ತಡ ಸುಮಾರು 1220 ಪಾಸ್ಕಲ್, ಅಂದರೆ 125 ಮಿಲಿಮೀಟರ್ ಎತ್ತರದ ನೀರಿನ ಭಾರ. ನನ್ನ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, 35 ಮೈಲಿಯ ಆಸುಪಾಸಿನಲ್ಲಿ ಅದು ಕೇವಲ 150 ಪಾಸ್ಕಲ್, 15 ಮಿಲಿಮೀಟರ್ ನೀರು. ವೇಗ ತಿಳಿಯಲೇಬೇಕಾದ ಹೊತ್ತಿನಲ್ಲಿಯೇ ಅಳೆಯಲು ಸಿಗುವುದು ಅತ್ಯಲ್ಪ.

ನಾನು ಬಳಸಿದ ಎಂಪಿಎಕ್ಸ್‌ವಿ 5004 ಸಂವೇದಕ 0ಯಿಂದ 3.92 ಕಿಲೋಪಾಸ್ಕಲ್ ಅಳೆಯುತ್ತದೆ, ಕಿಲೋಪಾಸ್ಕಲ್ಲಿಗೆ ಒಂದು ವೋಲ್ಟ್ ಕೊಡುತ್ತದೆ. ಲೆಕ್ಕಕ್ಕೆ ಬಹಳ ಸಲೀಸು. ಶೂನ್ಯವನ್ನು ಸರಿಹೊಂದಿಸಿದ ಮೇಲೂ ಪೂರ್ಣ ವ್ಯಾಪ್ತಿಯ ಶೇಕಡಾ 1.5ರಷ್ಟು ತಪ್ಪು ಇರಬಹುದು ಎಂದು ಅದರ ವಿವರಪತ್ರ ಹೇಳುತ್ತದೆ. ಕೇಳಲು ಚಿಕ್ಕ ಸಂಖ್ಯೆ, ಲೆಕ್ಕ ಹಾಕಿದರೆ ಸುಮಾರು 59 ಪಾಸ್ಕಲ್. 150 ಪಾಸ್ಕಲ್ ಇರುವ ಜಾಗದಲ್ಲಿ 59 ಆಚೀಚೆಯಾದರೆ 35 ಮೈಲಿಯ ವೇಗ ಪರದೆಯ ಮೇಲೆ 27 ಎಂದೂ ಕಾಣಬಹುದು, 41 ಎಂದೂ ಕಾಣಬಹುದು. 41 ಎಂದು ತೋರಿಸುವುದೇ ಪ್ರಾಣಕ್ಕೆ ಅಪಾಯ.

ಹಾಗಾಗಿ ಸಂವೇದಕವನ್ನು ನಾವೇ ಅಳೆದು ನೋಡಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ಊರಿನಲ್ಲಿ ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಹಿಡಿಯುವ ನೀರಿನ ಟ್ಯೂಬ್ ಇದೆಯಲ್ಲ, ಅದೇ ಸಾಕು. ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ನಡುವೆ ಮಿಲಿಮೀಟರ್ ಪಟ್ಟಿ ಅಂಟಿಸಿದೆ. ಒಂದು ತುದಿಯನ್ನು ಟಿ ಜೋಡಣೆಯ ಮೂಲಕ ಸಂವೇದಕಕ್ಕೂ ಸಿರಿಂಜಿಗೂ ಸೇರಿಸಿ, ಇನ್ನೊಂದನ್ನು ತೆರೆದು ಬಿಟ್ಟೆ. ಸಿರಿಂಜನ್ನು ನಿಧಾನವಾಗಿ ಒತ್ತುತ್ತ ಎರಡು ಬದಿಯ ನೀರಿನ ಎತ್ತರದ ವ್ಯತ್ಯಾಸ ಓದಬೇಕು. 10 ಮಿಲಿಮೀಟರ್ ಎಂದರೆ 98 ಪಾಸ್ಕಲ್. ಬಾಯಿಂದ ಊದಬಾರದು, ಸೂಕ್ಷ್ಮ ಪೊರೆ ಹಾಳಾಗುತ್ತದೆ. 60 ಮೈಲಿಗಿಂತ ಕೆಳಗಿನ ಭಾಗಕ್ಕೆ ನಾನು ಹತ್ತಿರ ಹತ್ತಿರದ ಬಿಂದುಗಳನ್ನು ಅಳೆದು ತಂತ್ರಾಂಶದಲ್ಲಿ ಪಟ್ಟಿಯಾಗಿ ಸೇರಿಸಿದೆ, ಮೇಲಿನ ಭಾಗಕ್ಕೆ ವಿರಳವಾಗಿ. ಬಿಸಿಲಿಗೆ ಶೂನ್ಯ ಬಿಂದು ಜರುಗುವುದರಿಂದ ಪ್ರತಿ ಹಾರಾಟದ ಮೊದಲು, ಪಿಟೋ ಮುಚ್ಚಳ ತೆಗೆಯುವ ಮುನ್ನ, ಶೂನ್ಯವನ್ನು ಮತ್ತೆ ಹಿಡಿಯುವ ಏರ್ಪಾಡು ಮಾಡಿದೆ.

ಇಷ್ಟೆಲ್ಲ ಮಾಡಿಯೂ ಮುಳ್ಳಿನ ಹಳೆಯ ವೇಗಮಾಪಕ ನನ್ನ ಕಣ್ಣೆದುರೇ ಇದೆ. ಎತ್ತರಮಾಪಕವೂ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಗುಂಡೂ ಹಾಗೆಯೇ. ಟ್ಯಾಬ್ಲೆಟ್ ಬಲಗಡೆ. ವಿದ್ಯುತ್ತು ಪೂರ್ತಿ ಹೋದರೂ ಇಳಿಯಲು ಬೇಕಾದ ಮೂರು ಉಪಕರಣಗಳು ಗಾಳಿ ಮತ್ತು ಗುರುತ್ವದಿಂದಲೇ ನಡೆಯುತ್ತವೆ. ಈ ಒಂದು ತೀರ್ಮಾನ ಮಾಡಿಕೊಂಡದ್ದರಿಂದ ಉಳಿದ ಪ್ರಯೋಗಗಳನ್ನೆಲ್ಲ ನಿಶ್ಚಿಂತೆಯಿಂದ ಮಾಡಲು ಸಾಧ್ಯವಾಯಿತು.

ವಿಮಾನ ಎಷ್ಟು ವಾಲಿದೆ ಎಂದು ಪರದೆಯಲ್ಲಿ ತೋರಿಸುವ ಕೃತಕ ದಿಗಂತದ ವಿಚಾರ ಇನ್ನೂ ಸ್ವಾರಸ್ಯದ್ದು. ಐಸಿಎಂ 20948ನಂಥ ಚಿಕ್ಕ ಚಿಪ್ಪಿನಲ್ಲಿ ತಿರುಗುವ ದರ ಅಳೆಯುವ ಜೈರೋ ಮತ್ತು ವೇಗೋತ್ಕರ್ಷ (ವೇಗ ಬದಲಾಗುವ ದರ) ಮಾಪಕ ಎರಡೂ ಇರುತ್ತವೆ. ಜೈರೋ ನಿಧಾನವಾಗಿ ದಾರಿ ತಪ್ಪುತ್ತದೆ, ಅದನ್ನು ‘ಕೆಳಗೆ’ ಯಾವುದು ಎಂದು ಬಲ್ಲ ಮಾಪಕದಿಂದ ತಿದ್ದುತ್ತಾರೆ. ಡ್ರೋನ್ ಮಾಡುವವರಿಗೆ ಇದು ನೀರು ಕುಡಿದಷ್ಟು ಸುಲಭ. ವಿಮಾನ ಸರಿಯಾಗಿ ತಿರುಗುವಾಗ ತೊಡಕು ಶುರುವಾಗುತ್ತದೆ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಲು 100 ಮೈಲಿ ವೇಗದಲ್ಲಿ ಸುಮಾರು 13 ಡಿಗ್ರಿ ವಾಲಬೇಕು. ಆಗ ಒಟ್ಟು ಬಲ ನೆಟ್ಟಗೆ ವಿಮಾನದ ನೆಲಹಾಸಿನ ಕಡೆಗೇ ಇರುತ್ತದೆ, ಪ್ರಮಾಣದಲ್ಲಿ ಹೆಚ್ಚುವುದು ಶೇಕಡಾ 3ಕ್ಕಿಂತಲೂ ಕಡಿಮೆ. ವಾಲಿಲ್ಲ, ನೆಟ್ಟಗಿದ್ದೇವೆ ಎಂದೇ ಮಾಪಕ ಹೇಳುತ್ತದೆ. ಪೂರ್ತಿ ಸುತ್ತು ಬರಲು ಎರಡು ನಿಮಿಷ. ಅಷ್ಟು ಹೊತ್ತಿನಲ್ಲಿ ಪರದೆಯ ದಿಗಂತ ಮೆಲ್ಲಮೆಲ್ಲನೆ ಸಮವಾಗುತ್ತದೆ. ತಿರುವಿನಿಂದ ಹೊರಬಂದ ಮೇಲೆ ಎದುರು ದಿಕ್ಕಿಗೆ ವಾಲಿದಂತೆ ತೋರಿಸುತ್ತದೆ. ಹ್ಯಾಂಗರಿನಲ್ಲಿ ಕೈಯಲ್ಲಿ ಹಿಡಿದು ಎಷ್ಟು ಅಲ್ಲಾಡಿಸಿದರೂ ಈ ದೋಷ ಕಾಣದು.

ಇದಕ್ಕೆ ಪರಿಹಾರ, ವೇಗವನ್ನು ತಿರುಗುವ ದರದಿಂದ ಗುಣಿಸಿ ಬರುವ ಕೇಂದ್ರಾಭಿಮುಖ ವೇಗೋತ್ಕರ್ಷವನ್ನು ಮೊದಲು ಕಳೆದು, ಉಳಿದದ್ದನ್ನು ಮಾತ್ರ ಗುರುತ್ವವೆಂದು ನಂಬುವುದು. ವೇಗಕ್ಕೆ ನಾನು ಪಿಟೋ ಅಂಕಿ ಬಳಸಿದೆ. ಜಿಪಿಎಸ್ ಕೊಡುವುದು ನೆಲದ ಮೇಲಿನ ವೇಗ, ಗಾಳಿ ಬೀಸುವಾಗ ಅದು ದಾರಿ ತಪ್ಪಿಸುತ್ತದೆ. ಎಂಜಿನ್ನಿನ ನಡುಕವೂ ಲೆಕ್ಕ ಕೆಡಿಸುತ್ತದೆ. ನಾಲ್ಕು ಸಿಲಿಂಡರ್ ನಿಮಿಷಕ್ಕೆ 2500 ಸುತ್ತು ಓಡಿದರೆ ಸೆಕೆಂಡಿಗೆ 83 ಸ್ಫೋಟಗಳು. ಚಿಪ್ಪನ್ನು ಭಾರದ ಲೋಹದ ತುಂಡಿಗೆ ಕಟ್ಟಿ, ಅದನ್ನು ಮೆತ್ತನೆಯ ಫೋಮ್ ಮೇಲೆ ಕೂರಿಸಿದ ಮೇಲೆ ದಿಗಂತ ನಿಂತಿತು. ಈಗ ಅದು ನೋಡಲು ಬಹಳ ಚೆಂದ. ಆದರೂ ಮೊದಲ ಪುಟದಿಂದ ತೆಗೆದು ಎರಡನೆಯ ಪುಟಕ್ಕೆ ಹಾಕಿದೆ. ಹಗಲು, ಮೋಡದಿಂದ ದೂರ ಹಾರುವ ನನಗೆ ದಿಗಂತ ಕಿಟಕಿಯಲ್ಲೇ ಇದೆ. ಚೆಂದದ ದಿಗಂತ ಎದುರಿಗೆ ಹೊಳೆಯುತ್ತಿದ್ದರೆ ಇನ್ನೊಂದು ಸ್ವಲ್ಪ ಮೋಡದೊಳಗೆ ಹೋಗೋಣ ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಅದನ್ನು ನಂಬಿ ಮೋಡಕ್ಕೆ ನುಗ್ಗುವ ಅರ್ಹತೆ ನನ್ನ ಪೆಟ್ಟಿಗೆಗಿಲ್ಲ.

ಪರದೆಯ ತಂತ್ರಾಂಶ ಸರಳವಾದದ್ದು. ಪೈ ಒಂದು ವೆಬ್ ಪುಟ ಕೊಡುತ್ತದೆ, ಟ್ಯಾಬ್ಲೆಟ್ಟಿನ ಬ್ರೌಸರ್ ಅದನ್ನು ತೋರಿಸುತ್ತದೆ. ಇದರಲ್ಲಿ ನಾನು ಪಟ್ಟು ಹಿಡಿದ ನಿಯಮ ಒಂದೇ: ಒಂದು ಸೆಕೆಂಡಿಗಿಂತ ಹಳೆಯದಾದ ಯಾವ ಅಂಕಿಯೂ ಪರದೆಯ ಮೇಲೆ ಉಳಿಯಬಾರದು. ವೈಫೈ ಕಡಿದಾಗ ಪರದೆ ಕಪ್ಪಾದರೆ ಯಾರೂ ಮೋಸ ಹೋಗುವುದಿಲ್ಲ. ಕೊನೆಯ ಅಂಕಿ ಹಾಗೆಯೇ ನಿಂತರೆ 65 ಮೈಲಿ ಎಂದು ನೋಡುತ್ತಲೇ ಸ್ಟಾಲ್ ಆಗಬಹುದು. ಹಳತಾದ ಅಂಕಿಯ ಮೇಲೆ ದೊಡ್ಡ ಕೆಂಪು ಅಡ್ಡಗೆರೆಗಳು ಬೀಳುತ್ತವೆ. ಬ್ರೌಸರೇ ಸ್ತಬ್ಧವಾದರೆ ಆ ಗೆರೆ ಎಳೆಯುವವರೂ ಇರುವುದಿಲ್ಲ ಎಂದು ಮೂಲೆಯಲ್ಲಿ ಸದಾ ತಿರುಗುವ ಒಂದು ಚುಕ್ಕೆ ಇಟ್ಟಿದ್ದೇನೆ. ಚುಕ್ಕೆ ನಿಂತಿದ್ದರೆ ಪರದೆಯ ಮಾತು ಕೇಳಬೇಕಿಲ್ಲ.

ಬಿಸಿಲಿನ ಬಗ್ಗೆ ಎರಡು ಮಾತು. ಬಹಳಷ್ಟು ಟ್ಯಾಬ್ಲೆಟ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಲೆಂದು ತಯಾರಿಸಿರುತ್ತಾರೆ. ಗಾಜಿನ ಬಾಗಿಲಿನ ವಿಮಾನ ಬೇಸಿಗೆಯಲ್ಲಿ ನೆಲದ ಮೇಲೆ ನಿಂತರೆ ಒಳಗಿನ ತಾಪ ಅದನ್ನು ಸುಲಭವಾಗಿ ದಾಟುತ್ತದೆ. ಚಾರ್ಜ್ ಆಗುವಾಗ ಟ್ಯಾಬ್ಲೆಟ್ ಇನ್ನಷ್ಟು ಕಾಯುವುದರಿಂದ ಮೇಲೇರಿ ಗಾಳಿ ತಣ್ಣಗಾದ ಮೇಲೆ ಮಾತ್ರ ಚಾರ್ಜಿಂಗ್ ಸ್ವಿಚ್ ಹಾಕುತ್ತೇನೆ. ರಬ್ಬರ್ ಕವಚ ತೆಗೆದು ಹಿಂದೆ ಅಲ್ಯೂಮಿನಿಯಂ ತಟ್ಟೆ ಇಟ್ಟು, ಹೊರಗಿನ ಗಾಳಿಯ ಸಣ್ಣ ಕೊಳವೆಯನ್ನು ಅದರತ್ತ ತಿರುಗಿಸಿದ್ದೇನೆ. ಪೋಲರಾಯ್ಡ್ ತಂಪುಗನ್ನಡಕ ಇರುವವರು ಕೊಳ್ಳುವ ಮುನ್ನ ಅಂಗಡಿಯಲ್ಲೇ ಟ್ಯಾಬ್ಲೆಟನ್ನು ಅಡ್ಡ ಮತ್ತು ಉದ್ದ ಹಿಡಿದು ನೋಡಬೇಕು, ಕೆಲವು ಒಂದು ದಿಕ್ಕಿನಲ್ಲಿ ಪೂರ್ತಿ ಕಪ್ಪಾಗುತ್ತವೆ.

ಈಗ ಕೈಯಲ್ಲಿರುವುದು ಎಂಜಿನ್ನಿನ ಹೊಗೆಕೊಳವೆಯ ತಾಪ ಅಳೆಯುವ ಕೆಲಸ. ಕೆ ಮಾದರಿಯ ಥರ್ಮೋಕಪಲ್ (ತಾಪವನ್ನು ವೋಲ್ಟೇಜಾಗಿ ಬದಲಿಸುವ ಎರಡು ಲೋಹಗಳ ಜೋಡಣೆ) ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್, ಅದನ್ನು ಓದಲು ಮ್ಯಾಕ್ಸ್ 31855 ಎಂಬ ಅಗ್ಗದ ಚಿಪ್ ಎಲ್ಲೆಡೆ ಸಿಗುತ್ತದೆ. ವಿಮಾನಕ್ಕೆಂದು ಮಾರುವ ಅನೇಕ ಥರ್ಮೋಕಪಲ್ ಸಲಾಕೆಗಳ ತುದಿ ಲೋಹದ ಕವಚಕ್ಕೇ ತಾಗಿರುತ್ತದೆ, ಕವಚ ಎಂಜಿನ್ನಿಗೆ, ಎಂಜಿನ್ ನೆಲತಂತಿಗೆ. ಆ ಚಿಪ್ ಇದನ್ನು ದೋಷವೆಂದು ತಿಳಿದು ಓದಲು ನಿರಾಕರಿಸುತ್ತದೆ. ತುದಿ ಕವಚದಿಂದ ಬೇರ್ಪಟ್ಟ ಸಲಾಕೆ ಎಂದು ಕೇಳಿಯೇ ತರಿಸಬೇಕು. ನಾಲ್ಕು ಸಿಲಿಂಡರಿಗೆ ನಾಲ್ಕು ತರಿಸಿದ್ದೇನೆ, ಹೊಗೆಕೊಳವೆಯಲ್ಲಿ ರಂಧ್ರ ಕೊರೆಯುವುದು ಬಾಕಿ.