ನಿಮ್ಮ ನಾಲಿಗೆಗೆ ಒಪ್ಪುವ ಕಾಫಿ ಪುಡಿ: ಮನೆಯಲ್ಲೇ ಬೆರೆಸುವುದು ಹೇಗೆ?

ಗಾಂಧಿ ಬಜಾರ್ ಇರಲಿ, ಮಲ್ಲೇಶ್ವರ ಇರಲಿ, ಪುಡಿ ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಹೀಗೆ: 'ಅರ್ಧ ಕೆ.ಜಿ. ಕೊಡಿ, ಚಿಕೋರಿ ಇಪ್ಪತ್ತು ಹಾಕಿ.' ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಅಜ್ಜಿ ಕಾಲದಿಂದ ಬಂದದ್ದು. ನಮಗೆ ಅದು ಹಿಡಿಸುತ್ತದೆಯೇ ಅಂತ ಯಾರೂ ಯೋಚಿಸಿರುವುದಿಲ್ಲ. ಕಹಿ ಅನಿಸಿದರೆ ಸಕ್ಕರೆ ಜಾಸ್ತಿ ಹಾಕುತ್ತೇವೆ, ನೀರುನೀರಾದರೆ ಪುಡಿ ಜಾಸ್ತಿ ಹಾಕುತ್ತೇವೆ, ಅಷ್ಟೇ. ಸರಿ ಮಾಡಬೇಕಾದದ್ದು ಪುಡಿಯನ್ನೇ.

ಅಂಗಡಿಯಲ್ಲಿ ಒಮ್ಮೆ ಬೆರೆಸಿದ ಪುಡಿಯನ್ನು ಮತ್ತೆ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಮೊದಲ ಸಲ ಬೆರೆಸದೆ ತನ್ನಿ. ಅರೇಬಿಕಾ 100 ಗ್ರಾಂ, ರೋಬಸ್ಟಾ 50 ಗ್ರಾಂ, ಚಿಕೋರಿ 50 ಗ್ರಾಂ, ಮೂರು ಬೇರೆ ಬೇರೆ ಪೊಟ್ಟಣ. ಎರಡೂ ಕಾಫಿಯನ್ನು ಫಿಲ್ಟರ್‌ಗೆ ಅಂತ ಹೇಳಿ ಒಂದೇ ಹದಕ್ಕೆ ಬೀಸಿಸಿ. ಬೀಜ ಹುರಿದದ್ದು ಯಾವತ್ತು ಅಂತ ಸಂಕೋಚವಿಲ್ಲದೆ ಕೇಳಿ.

ಅಂಗಡಿಯ ಹಲಗೆಯಲ್ಲಿ 'ಪ್ಲಾಂಟೇಷನ್ ಎ', 'ಪೀಬೆರಿ' ಅಂತ ಬರೆದಿರುತ್ತಾರೆ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ, ತಿರುಳು ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. 'ಎ' ಅನ್ನುವುದು ಬೀಜದ ಗಾತ್ರಕ್ಕೆ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜ ಇರುತ್ತವೆ. ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ದುಂಡನೆಯ ಬೀಜ, ಅದೇ ಪೀಬೆರಿ. ಅದು ಬೇರೆ ತಳಿಯಲ್ಲ, ಅದೇ ಗಿಡದ್ದು. ಪೀಬೆರಿಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ನಿನ್ನೆ ಮೊನ್ನೆ ಹುರಿದ ಪ್ಲಾಂಟೇಷನ್ ಎ ತರುವುದು ಮೇಲು ಅಂತ ನನ್ನ ಅಭಿಪ್ರಾಯ.

ರೋಬಸ್ಟಾ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಅದು ತಪ್ಪು. ಕೊಡಗಿನ ತೋಟಗಳಲ್ಲಿ ಅದೇ ಜಾಸ್ತಿ. ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ, ಕಹಿಯೂ ಗಟ್ಟಿತನವೂ ಹೆಚ್ಚು. ನಾವು ಕುಡಿಯುವುದು ಹಾಲು ಹಾಕಿದ ಕಾಫಿ ಅಲ್ವಾ? ಬರೀ ಅರೇಬಿಕಾ ಹಾಕಿದರೆ ಅದರ ನಯವಾದ ರುಚಿ ಹಾಲಿನಲ್ಲಿ ಮುಳುಗಿಹೋಗುತ್ತದೆ. ಹಾಲಿನ ಮುಂದೆ ನಿಲ್ಲುವುದು ರೋಬಸ್ಟಾನೇ.

ಚಿಕೋರಿ ಕಾಫಿಯೇ ಅಲ್ಲ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಕೆಫೀನ್ ಇಲ್ಲ. ಬಣ್ಣ, ಮಂದ, ಸುಟ್ಟ ಬೆಲ್ಲದಂಥ ಒಂದು ಸಿಹಿಗಹಿ ಅದರಿಂದ ಬರುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು ಅನ್ನುವುದು ಕಾನೂನು. ಮನೆಯಲ್ಲಿ ಈಗಿರುವ ಪುಡಿ ಹೇಗಿದೆ ನೋಡಬೇಕೇ? ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಒಂದು ಚಿಟಿಕೆ ಉದುರಿಸಿ. ಅಲುಗಾಡಿಸಬೇಡಿ. ಕಾಫಿ ತೇಲುತ್ತದೆ. ಚಿಕೋರಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಇಳಿಯುತ್ತಾ ಕಂದು ಗೆರೆ ಎಳೆಯುತ್ತದೆ. ಗೆರೆ ದಟ್ಟವಾಗಿದ್ದಷ್ಟೂ ಚಿಕೋರಿ ಜಾಸ್ತಿ.

ಈಗ ಬೆರೆಸೋಣ. ಅಡುಗೆಮನೆ ತಕ್ಕಡಿ ಇದ್ದರೆ ಒಳ್ಳೆಯದು. ಚಮಚದ ಅಳತೆ ನಂಬಬೇಡಿ, ಒಂದು ಚಮಚ ಕಾಫಿಯೂ ಒಂದು ಚಮಚ ಚಿಕೋರಿಯೂ ಒಂದೇ ತೂಕ ಬರುವುದಿಲ್ಲ. ಅರೇಬಿಕಾ 12 ಗ್ರಾಂ, ರೋಬಸ್ಟಾ 5, ಚಿಕೋರಿ 3. ಒಟ್ಟು 20 ಗ್ರಾಂ, ಸಣ್ಣ ಫಿಲ್ಟರ್‌ಗೆ ಒಂದು ಸಲಕ್ಕೆ ಸಾಕು. ಪುಟ್ಟ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ. ಫಿಲ್ಟರ್‌ಗೆ ಹಾಕಿ, ಮೇಲಿನ ತಟ್ಟೆಯಿಂದ ಮೆಲ್ಲಗೆ ಒತ್ತಿ. ಜೋರಾಗಿ ಅದುಮಿದರೆ ಡಿಕಾಕ್ಷನ್ ಇಳಿಯುವುದಿಲ್ಲ. ಕುದಿದ ನೀರನ್ನು ಇಳಿಸಿ, ಅರ್ಧ ನಿಮಿಷ ಬಿಟ್ಟು, 120 ಮಿ.ಲೀ.ನಷ್ಟು ಸುತ್ತಲೂ ಹುಯ್ದು ಮುಚ್ಚಿಡಿ.

ಇಳಿದ ಮೇಲೆ ಮೊದಲು ಹಾಲಿಲ್ಲದೆ ನೋಡಿ. ಒಂದು ಚಮಚ ಡಿಕಾಕ್ಷನ್‌ಗೆ ಸ್ವಲ್ಪ ಬಿಸಿನೀರು ಬೆರೆಸಿ ನಾಲಿಗೆ ಮೇಲೆ ಇಟ್ಟುಕೊಳ್ಳಿ. ಆಮೇಲೆ ದಿನಾ ಕುಡಿಯುವ ಹಾಗೆ ಹಾಲು, ಸಕ್ಕರೆ ಹಾಕಿ. ಹಾಲು ಮಾತ್ರ ಪ್ರತಿ ಸಲವೂ ಒಂದೇ ಇರಲಿ. ಇವತ್ತು ನಂದಿನಿ ನೀಲಿ ಪ್ಯಾಕೆಟ್, ನಾಳೆ ಕೆನೆ ಜಾಸ್ತಿ ಇರುವ ಹಾಲು ಅಂತ ಮಾಡಿದರೆ ಬದಲಾದದ್ದು ಪುಡಿಯೋ ಹಾಲೋ ಗೊತ್ತಾಗುವುದಿಲ್ಲ.

ತಿದ್ದುವುದು ಇಲ್ಲಿಂದ ಶುರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅದೂ ಒಂದೆರಡು ಗ್ರಾಂ ಮಾತ್ರ, ಒಟ್ಟು 20 ಗ್ರಾಂ ಮೀರದ ಹಾಗೆ. ಬಣ್ಣ ಚೆನ್ನಾಗಿದೆ, ಆದರೆ ಘಮವೇ ಇಲ್ಲ ಅಂದರೆ ಚಿಕೋರಿ ಜಾಸ್ತಿಯಾಗಿದೆ, ಇಲ್ಲವೇ ಪುಡಿ ಹಳೆಯದು. ಘಮ ಇದೆ, ಹಾಲು ಹಾಕಿದ ಕೂಡಲೇ ಸಪ್ಪೆಯಾಯಿತು ಅಂದರೆ ಅರೇಬಿಕಾ ಇಳಿಸಿ ರೋಬಸ್ಟಾ ಏರಿಸಿ. ಹುಳಿಹುಳಿ ಅನಿಸಿದರೆ ಬೀಜ ಸಾಕಷ್ಟು ಹುರಿದಿಲ್ಲ ಅಥವಾ ನೀರು ಆರಿಹೋಗಿತ್ತು. ಆಗ ಅಳತೆ ಮುಟ್ಟಬೇಡಿ. ನೀರು ಸರಿಮಾಡಿ, ಮುಂದಿನ ಸಲ ಸ್ವಲ್ಪ ಕಪ್ಪಗೆ ಹುರಿದದ್ದು ಕೇಳಿ. ಕಹಿಯಲ್ಲೂ ಎರಡು ಥರ. ಕುಡಿದ ಕೂಡಲೇ ಚುರುಕ್ಕಂತ ಹೊಡೆಯುವುದು ರೋಬಸ್ಟಾದ್ದು. ನುಂಗಿದ ಮೇಲೂ ಸುಟ್ಟ ಸಿಹಿಯ ಜೊತೆ ಗಂಟಲಲ್ಲಿ ಉಳಿಯುವುದು ಚಿಕೋರಿಯದ್ದು. ಇದನ್ನು ಗುರುತಿಸಲು ಬಂದರೆ ಅರ್ಧ ಕೆಲಸ ಆದ ಹಾಗೆ. ಡಿಕಾಕ್ಷನ್ ತೊಟ್ಟಿಕ್ಕುವುದೇ ನಿಂತರೆ ಪುಡಿ ತೀರಾ ನುಣ್ಣಗಾಗಿದೆ ಅಥವಾ ಚಿಕೋರಿ ಹೆಚ್ಚಾಗಿ ತೂತು ಕಟ್ಟಿದೆ.

ಪ್ರತಿ ಸಲದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮನೆಯವರೆಲ್ಲರ ಕೈಲೂ ರುಚಿ ನೋಡಿಸಿ.

ಅಳತೆ ಒಪ್ಪಿಗೆಯಾದ ಮೇಲೂ ಒಂದು ವಾರ, ಹತ್ತು ದಿನಕ್ಕೆ ಆಗುವಷ್ಟೇ ಪುಡಿ ತನ್ನಿ. ಬೀಸಿದ ಕಾಫಿ ಬೇಗ ಘಮ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಒಣ ಚಮಚ, ಒಲೆಯಿಂದ ದೂರ. ಮಳೆಗಾಲದಲ್ಲಿ ಚಿಕೋರಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ. ಆಗ ಅದನ್ನು ಬೇರೆ ಬಾಟಲಿಯಲ್ಲೇ ಇಟ್ಟು, ಡಿಕಾಕ್ಷನ್ ಹಾಕುವಾಗ ಬೆರೆಸಿಕೊಳ್ಳಿ. ತೂಗಿ ಬೆರೆಸುವ ಪುರುಸೊತ್ತಿಲ್ಲದವರು ಚೀಟಿಯನ್ನೇ ಅಂಗಡಿಗೆ ಒಯ್ಯಬಹುದು: 'ಪ್ಲಾಂಟೇಷನ್ 60, ರೋಬಸ್ಟಾ 25, ಚಿಕೋರಿ 15' ಅಂದರೆ ಅಲ್ಲೇ ತೂಗಿ ಬೀಸಿ ಕೊಡುತ್ತಾರೆ.